ಪರವಾನಗಿ ಪಡೆದ ಮಾತು, ಆರಿಸಿಕೊಂಡ ಮೌನ

ರಾಜಾ ರಾಮಮೋಹನ ರಾಯರು 1822ರಲ್ಲಿ ಕಲ್ಕತ್ತೆಯಿಂದ ಹೊರಡಿಸಿದ ‘ಮಿರಾತ್-ಉಲ್-ಅಖ್ಬಾರ್’ ಎಂಬ ಪಾರಸಿ ವಾರಪತ್ರಿಕೆಯನ್ನು ಮರುವರ್ಷವೇ ತಾವಾಗಿ ನಿಲ್ಲಿಸಿದಾಗ, ಸತ್ಯವನ್ನು ನುಡಿಯುವುದೇ ಧರ್ಮವೆಂದು ನಂಬಿದವನು ಮೌನವನ್ನು ಆರಿಸಿಕೊಳ್ಳಬಹುದೇ ಎಂಬ ಹಳೆಯ ಪ್ರಶ್ನೆ ಹೊಸ ರೂಪದಲ್ಲಿ ಎದ್ದಿತು. ಕಲ್ಕತ್ತೆಯ ಬಿಷಪ್ ಮಿಡಲ್‌ಟನ್ನರ ನಿಧನದ ಬಗೆಗಿನ ಬರಹದಲ್ಲಿ ತ್ರಿತ್ವವನ್ನು, ಅಂದರೆ ತಂದೆ, ಮಗ, ಪವಿತ್ರಾತ್ಮರಲ್ಲಿ ಇರುವವನು ಒಬ್ಬನೇ ದೇವರೆಂಬ ಕ್ರೈಸ್ತ ಸಿದ್ಧಾಂತವನ್ನು, ಪತ್ರಿಕೆ ಪ್ರಸ್ತಾಪಿಸಿದ ಬಗೆಯಲ್ಲಿ ಅಧಿಕಾರಿಗಳು ಅಣಕವನ್ನೇ ಕಂಡಿದ್ದರು. ದೇವತಾಶಾಸ್ತ್ರದ ವಾದವೂ ರಾಜದ್ರೋಹದ ವಾಸನೆ ಹೊಡೆಯಬಲ್ಲದೆಂಬುದು ಆಳುವವರಿಗೆ ಮಾತ್ರ ಹೊಳೆಯುವ ಸಂಗತಿ.

ಹಂಗಾಮಿ ಗವರ್ನರ್ ಜನರಲ್ ಜಾನ್ ಆಡಮ್ 1823ರಲ್ಲಿ ತಂದ ನಿಯಮದಂತೆ ಪತ್ರಿಕೆ ನಡೆಸುವವರು ಪ್ರಮಾಣಪತ್ರವನ್ನು, ಎಂದರೆ ಆಣೆಯಿಟ್ಟು ಕೊಡುವ ಲಿಖಿತ ಹೇಳಿಕೆಯನ್ನು, ಸಲ್ಲಿಸಿ ಪರವಾನಗಿ ಪಡೆಯಬೇಕಿತ್ತು, ಅದನ್ನು ಸರ್ಕಾರ ಮನಬಂದಾಗ ಹಿಂತೆಗೆದುಕೊಳ್ಳಬಹುದಿತ್ತು. ರಾಯರು ಪತ್ರಿಕೆ ನಿಲ್ಲಿಸಿದ್ದು ಈ ಷರತ್ತಿಗೆ ಒಪ್ಪದೆಯೇ. ದ್ವಾರಕಾನಾಥ ಠಾಕೂರ್ ಮೊದಲಾದವರೊಡನೆ ರಾಯರು ಕಲ್ಕತ್ತೆಯ ಸುಪ್ರೀಂ ಕೋರ್ಟಿಗೂ ಬಳಿಕ ಇಂಗ್ಲೆಂಡಿನ ದೊರೆಗೂ ಸಲ್ಲಿಸಿದ ಮನವಿಗಳು ತಿರಸ್ಕೃತವಾದವು.

ಸಭೆಯನ್ನು ಹೊಕ್ಕವನು ನಿಜವನ್ನೇ ಆಡಬೇಕು, ಇಲ್ಲವಾದರೆ ಒಳಗೆ ಕಾಲಿಡಲೇಬಾರದು, ಒಳಗಿದ್ದು ಸುಮ್ಮನಿರುವವನೂ ಪಾಪಿಯೆಂದು ಮನುಸ್ಮೃತಿ ವಿಧಿಸುತ್ತದೆ. ಈ ಅಳತೆಯಲ್ಲಿ ನೋಡಿದರೆ ರಾಯರದು ಬಾಯಿ ಕಟ್ಟಿಕೊಂಡು ಕೂರದೆ ಸಭೆಯಿಂದಲೇ ಎದ್ದುಹೋದ ನಡೆ. ಆದರೆ ಅವರನ್ನು ನೆಚ್ಚಿದ್ದ ಪಾರಸಿ ಓದುಗರ ಪಾಲಿಗೆ ಅದು ನಷ್ಟವೇ ಆಗಿತ್ತೆಂಬುದನ್ನು ಮರೆಯಲಾಗದು. ಮುಂದೆ ಹಂಗಾಮಿ ಗವರ್ನರ್ ಜನರಲ್ ಆದ ಮೆಟ್‌ಕಾಫ್ ಆಡಮ್ ತಂದ ಕಟ್ಟಳೆಯನ್ನು ತೆಗೆದುಹಾಕಿದ್ದು 1835ರಲ್ಲಿ, ರಾಯರು ತೀರಿಕೊಂಡ ಎರಡು ವರ್ಷಗಳ ಮೇಲೆ.