ತಂಡದ ಪಟ್ಟಿಯೂ ಕೊಟ್ಟ ಮಾತೂ

ಮಾತು ಕೊಟ್ಟವನು ಮಾತಿನ ಅಕ್ಷರವನ್ನು ಉಳಿಸಿಕೊಂಡು ಅದರ ಅರ್ಥವನ್ನು ಕೈಬಿಟ್ಟರೆ ಅವನನ್ನು ವಚನಭ್ರಷ್ಟನೆನ್ನಬೇಕೇ ಬೇಡವೇ? ಬಟ್ಟೆಯ ವ್ಯಾಪಾರಿಯ ಗಜಕೋಲು ಒಂದು ಬೆರಳಿನಷ್ಟು ಮೋಟಾಗಿದ್ದರೆ ಉತ್ತರ ಸುಲಭ. ಗಜಕೋಲೇ ಇಲ್ಲದ ವ್ಯವಹಾರಗಳಲ್ಲಿ ಅದು ಅಷ್ಟು ಸುಲಭವಾಗಿ ದೊರೆಯದು. ಹಣ ಪಡೆದು ತಂಡದಲ್ಲಿ ಒಂದು ಸ್ಥಾನವನ್ನು ಕೊಟ್ಟವನು ನಿಜವಾಗಿ ಕೊಟ್ಟದ್ದೇನು ಎಂಬುದನ್ನು ಯಾವ ತಕ್ಕಡಿಯಲ್ಲಿ ತೂಗಬೇಕು? ಅಮೆರಿಕದ ಬಾಲಿಕೆಯರ ಸಾಕರ್ ಕ್ಲಬ್ಬುಗಳ ಬಗೆಗೆ ಅಲ್ಲಿನ ತಂದೆತಾಯಿಯರಲ್ಲಿ ಹಲವು ವರ್ಷಗಳಿಂದ ಮಡುಗಟ್ಟಿರುವ ಅಸಮಾಧಾನವು ಈ ಪ್ರಶ್ನೆಯನ್ನು ಬಹು ಸ್ಪಷ್ಟವಾಗಿ ಮುಂದಿಡುತ್ತದೆ.

ಸಾಕರ್ ಎಂದರೆ ಇಲ್ಲಿ ಫುಟ್‌ಬಾಲ್ ಎಂದು ಕರೆಯುವ ಆಟವೇ. ಆ ದೇಶದಲ್ಲಿ ಅದು ಹೆಣ್ಣುಮಕ್ಕಳ ಆಟವಾಗಿ ಬೆಳೆದುದಕ್ಕೆ ಒಂದು ಚರಿತ್ರೆಯಿದೆ. ಸರ್ಕಾರದ ಹಣ ಪಡೆಯುವ ಶಾಲಾ ಕಾಲೇಜುಗಳಲ್ಲಿ ಲಿಂಗಭೇದ ಸಲ್ಲದೆಂದು ವಿಧಿಸಿದ ಟೈಟಲ್ ನೈನ್ ಎಂಬ ಕಾನೂನು 1972ರಲ್ಲಿ ಜಾರಿಗೆ ಬಂದಿತು. ಆಟದ ಬಯಲಿನ ಬಾಗಿಲುಗಳೂ ಹುಡುಗಿಯರಿಗೆ ತೆರೆದುಕೊಂಡುದು ಅದರಿಂದಲೇ. 1991ರಲ್ಲಿ ಚೀನಾದಲ್ಲಿ ನಡೆದ ಮೊದಲ ಮಹಿಳಾ ವಿಶ್ವಕಪ್ಪನ್ನು ಅಮೆರಿಕದ ತಂಡ ಗೆದ್ದಿತು. 1999ರ ಅಂತಿಮ ಪಂದ್ಯವನ್ನು ನೋಡಲು ಪಾಸಡೀನಾದ ರೋಸ್ ಬೌಲ್ ಕ್ರೀಡಾಂಗಣದಲ್ಲಿ 90,000ಕ್ಕೂ ಹೆಚ್ಚು ಜನ ನೆರೆದಿದ್ದರು. ಅಂದು ಗ್ಯಾಲರಿಯಲ್ಲಿ ಕುಳಿತ ಪುಟ್ಟ ಹುಡುಗಿಯರಲ್ಲಿ ಅನೇಕರು ಇಂದು ತಾಯಂದಿರಾಗಿ ತಮ್ಮ ಮಕ್ಕಳನ್ನು ಅಭ್ಯಾಸಕ್ಕೆ ಕರೆದೊಯ್ಯುತ್ತಿರಬಹುದು. ವಲಸೆ ಹೋದ ಭಾರತೀಯ ಕುಟುಂಬಗಳೂ ಇದಕ್ಕೆ ಹೊರತಲ್ಲ. ಜೈನ ಮನೆಗಳಲ್ಲಿ ಭಾನುವಾರದ ಪಾಠಶಾಲೆಯೂ ಮಗಳ ಪಂದ್ಯವೂ ಒಂದೇ ಬೆಳಗಿಗೆ ಒದಗಿ ಬರುವುದು ಅಪರೂಪವಲ್ಲ. ಆಗ ಯಾವುದನ್ನು ಬಿಡಬೇಕೆಂಬ ಚರ್ಚೆ ಊರಿನಲ್ಲಿರುವ ಅಜ್ಜಿಯ ಕಿವಿಗೂ ದೂರವಾಣಿಯ ಮೂಲಕ ಬಂದು ಮುಟ್ಟುತ್ತದೆ.

ಸ್ಪರ್ಧಾತ್ಮಕ ಕ್ಲಬ್ಬಿನ ವ್ಯವಸ್ಥೆ ಹೀಗಿದೆ. ವರ್ಷಕ್ಕೊಮ್ಮೆ, ಬಹುಪಾಲು ವಸಂತದ ಕೊನೆಯಲ್ಲಿ, ಆಯ್ಕೆಯ ಪರೀಕ್ಷೆ ನಡೆಯುತ್ತದೆ. ಹುಡುಗಿಯರು ಬೆನ್ನಿಗೆ ಸಂಖ್ಯೆಯ ಚೀಟಿ ಅಂಟಿಸಿಕೊಂಡು ಎರಡು ಮೂರು ಸಂಜೆ ಓಡುತ್ತಾರೆ. ಆಯ್ಕೆಯಾದವಳ ಮನೆಗೆ ಸಂದೇಶ ಬರುತ್ತದೆ. ಒಪ್ಪಿಗೆ ತಿಳಿಸಿ ಮುಂಗಡ ಕಟ್ಟಲು ಅನೇಕ ಕಡೆ ಒಂದೆರಡು ದಿನಗಳಷ್ಟೇ ಅವಕಾಶ. ಕಟ್ಟಿದ ಮುಂಗಡ ಸಾಮಾನ್ಯವಾಗಿ ಹಿಂದಿರುಗುವುದಿಲ್ಲ. ಸಹಿ ಮಾಡಿದ ಕುಟುಂಬ ಇಡೀ ವರ್ಷಕ್ಕೆ ಬದ್ಧವಾಗುತ್ತದೆ. ಶುಲ್ಕ, ಸಮವಸ್ತ್ರ, ದೂರದೂರಿನ ಪಂದ್ಯಾವಳಿಗಳ ಪ್ರಯಾಣ, ಹೋಟೆಲು, ಎಲ್ಲವೂ ಸೇರಿ ಹಲವು ಸಾವಿರ ಡಾಲರ್ ಆಗುವುದುಂಟು. ಇಷ್ಟು ದೊಡ್ಡ ವ್ಯವಹಾರದಲ್ಲಿ ಕೊಳ್ಳುವವರಿಗೆ ಬಹುವೇಳೆ ತಿಳಿಯದೆ ಉಳಿಯುವ ಸಂಗತಿ ಒಂದೇ ಒಂದು: ಆ ಪಟ್ಟಿಯಲ್ಲಿ ಒಟ್ಟು ಎಷ್ಟು ಹೆಸರುಗಳಿವೆ?

ಸಂಖ್ಯೆಯ ಮಹತ್ವ ಲೆಕ್ಕ ಹಾಕಿದಾಗ ತಿಳಿಯುತ್ತದೆ. ಹನ್ನೆರಡರೊಳಗಿನ ಮಕ್ಕಳು ಚಿಕ್ಕ ಅಂಗಳದಲ್ಲಿ ಏಳೇಳು ಅಥವಾ ಒಂಬತ್ತೊಂಬತ್ತು ಮಂದಿಯಾಗಿ ಆಡುತ್ತಾರೆ. ಆ ಬಳಿಕ ಹನ್ನೊಂದು ಮಂದಿಯ ಪೂರ್ಣ ತಂಡ. ಹಿರಿಯ ವಯೋವರ್ಗಗಳಲ್ಲಿ ಹಲವು ಲೀಗುಗಳು ಪಟ್ಟಿಯಲ್ಲಿ 22 ಹೆಸರುಗಳವರೆಗೆ ನೋಂದಾಯಿಸಲು ಬಿಡುತ್ತವೆ, ಆದರೆ ಒಂದು ಪಂದ್ಯಕ್ಕೆ 18 ಮಂದಿಗೆ ಮಾತ್ರ ಸಮವಸ್ತ್ರ ತೊಡಲು ಅವಕಾಶ. ಹದಿನೈದು, ಹದಿನಾರರ ಹುಡುಗಿಯರ ಪಂದ್ಯ ಸಾಮಾನ್ಯವಾಗಿ 80 ನಿಮಿಷಗಳದು. ಹನ್ನೊಂದು ಮಂದಿಗೆ ಎಂಬತ್ತರಂತೆ ಹಂಚಲು ಸಿಗುವುದು 880 ನಿಮಿಷ. ಹದಿನಾರು ಮಂದಿಯಿದ್ದರೆ ತಲೆಗೆ 55, ಇಪ್ಪತ್ತೆರಡು ಮಂದಿಯಿದ್ದರೆ 40. ಪಟ್ಟಿ ತುಂಬಿರುವಾಗ ಪ್ರತಿ ಪಂದ್ಯಕ್ಕೂ ನಾಲ್ವರು ಸಾಮಾನ್ಯ ಉಡುಪಿನಲ್ಲಿ ಗೆರೆಯಾಚೆ ನಿಲ್ಲಬೇಕು. ಇಪ್ಪತ್ತು ಪಂದ್ಯಗಳ ಋತುವಿನಲ್ಲಿ ಇಂಥ ನಿಲ್ಲುವಿಕೆ ಎಂಬತ್ತು ಸಲ ಒದಗುತ್ತದೆ. ಸರದಿಯಂತೆ ಹಂಚಿಕೊಂಡರೆ ಒಬ್ಬೊಬ್ಬಳ ಪಾಲಿಗೆ ನಾಲ್ಕು ಪಂದ್ಯಗಳೂ ಬರುವುದಿಲ್ಲ. ಯಾರಿಗೂ ಅದು ಭಾರವಾಗದು. ಆದರೆ ಗೆಲ್ಲಲೇಬೇಕೆಂದು ಹೊರಟ ತಂಡದಲ್ಲಿ ಸರದಿ ಎಲ್ಲಿಯದು? ಕೊನೆಯ ನಾಲ್ಕು ಹೆಸರುಗಳೇ ಮತ್ತೆ ಮತ್ತೆ ಹೊರಗುಳಿಯುತ್ತವೆ. ಶುಲ್ಕದ ರಸೀದಿಯಲ್ಲಿ ಮಾತ್ರ ಇಪ್ಪತ್ತೆರಡು ಹೆಸರುಗಳೂ ಸಮಾನ.

ಇಲ್ಲಿ ಎರಡು ಸಂಗತಿಗಳನ್ನು ಬೇರ್ಪಡಿಸದಿದ್ದರೆ ವಿಚಾರ ಕೆಡುತ್ತದೆ. ಆಟದಲ್ಲಿ ಒಬ್ಬಳನ್ನು ಇಳಿಸಿ ಇನ್ನೊಬ್ಬಳನ್ನು ಕೂರಿಸುವುದು ಅನ್ಯಾಯವಲ್ಲ. ಸ್ಪರ್ಧೆಯನ್ನು ಬಯಸಿ ಹೋದವರು ತಾರತಮ್ಯವನ್ನೂ ಒಪ್ಪಿಕೊಂಡೇ ಹೋಗಿರುತ್ತಾರೆ. ಎಲ್ಲರೂ ಆಡಬೇಕೆಂಬ ತತ್ತ್ವವನ್ನೇ ಹಿಡಿದು 1964ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಅಮೆರಿಕನ್ ಯೂತ್ ಸಾಕರ್ ಆರ್ಗನೈಸೇಷನ್ ಇಂದಿಗೂ ಇದೆ. ಅಲ್ಲಿ ಪ್ರತಿಯೊಂದು ಮಗುವೂ ಕನಿಷ್ಠ ಅರ್ಧ ಪಂದ್ಯ ಆಡಲೇಬೇಕು. ತಂಡಗಳನ್ನು ಬಲಾಬಲ ನೋಡಿ ಸಮವಾಗಿ ಹಂಚುತ್ತಾರೆ. ಆ ದಾರಿ ತೆರೆದಿರುವಾಗ ಅದನ್ನು ಬಿಟ್ಟು ಆಯ್ಕೆಯ ದಾರಿ ಹಿಡಿದವರು, ಮಗಳನ್ನು ಆಯ್ಕೆ ಮಾಡಲಿಲ್ಲವೆಂದು ಗೋಳಾಡುವುದು ಯುಕ್ತವಲ್ಲ. ಅಂಥ ಗೋಳೂ ಅಲ್ಲಿ ಸಾಕಷ್ಟಿದೆ. ಹೆತ್ತವರ ಕಣ್ಣಿಗೆ ತಮ್ಮ ಕೂಸು ಯಾವಾಗಲೂ ಒಂದು ಗೇಣು ಎತ್ತರವೇ. ನಿಜವಾದ ದೂರು ಇರುವುದು ಬೇರೆಡೆ. ಹದಿನೆಂಟನೆಯವಳೆಂದು ನಂಬಿ ಸಹಿ ಮಾಡಿದ ಕುಟುಂಬಕ್ಕೆ ತಮ್ಮ ಮಗಳು ಇಪ್ಪತ್ತೆರಡನೆಯವಳೆಂದು ಆಗಸ್ಟ್ ತಿಂಗಳಲ್ಲಿ ತಿಳಿಯುತ್ತದೆ. ಅಷ್ಟರಲ್ಲಿ ಬೇರೆ ಕ್ಲಬ್ಬುಗಳ ಪಟ್ಟಿಗಳು ಮುಚ್ಚಿರುತ್ತವೆ.

ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಹೀನಾಧಿಕ ಮಾನೋನ್ಮಾನವನ್ನು ಪ್ರತ್ಯೇಕವಾಗಿ ಎಣಿಸಿರುವುದನ್ನು ಓದುಗರು ಬಲ್ಲರು. ಕೊಳ್ಳುವಾಗ ದೊಡ್ಡ ಅಳತೆ, ಕೊಡುವಾಗ ಸಣ್ಣ ಅಳತೆ. ಅದು ಪೆಟ್ಟಿಗೆ ಒಡೆದು ಕದ್ದಂತಲ್ಲ. ಗಿರಾಕಿ ತಾನಾಗಿಯೇ ಬಂದು, ತಾನಾಗಿಯೇ ಹಣ ಕೊಟ್ಟು, ಸಂತೋಷದಿಂದಲೇ ಮನೆಗೆ ಹೋಗುತ್ತಾನೆ. ಆದರೂ ಅದನ್ನು ಕಳ್ಳತನದ ಬಳಗಕ್ಕೇ ಸೇರಿಸಿದ್ದಾರೆ. ಕ್ಲಬ್ಬಿನ ಪಟ್ಟಿಗೆ ಈ ಮಾತು ಸಲ್ಲುತ್ತದೆಯೇ? ಶುಲ್ಕ ಪಡೆಯುವಾಗ ಪಟ್ಟಿಯ ಹೆಸರನ್ನು ಪೂರ್ಣ ಸ್ಥಾನವೆಂದು ಅಳೆದು, ಪಂದ್ಯದ ದಿನ ಅದೇ ಹೆಸರನ್ನು ಬರಿಯ ಅಭ್ಯಾಸದ ಅವಕಾಶವೆಂದು ಅಳೆದರೆ, ಅಳತೆ ಎರಡಾಯಿತೆಂಬುದರಲ್ಲಿ ಸಂದೇಹವಿಲ್ಲ. ಲೀಗಿನ ನಿಯಮದಲ್ಲಿ 22ಕ್ಕೆ ಅವಕಾಶವಿದೆ ಎಂಬ ಸಮಾಧಾನ ಆ ಎರಡನ್ನು ಒಂದಾಗಿಸದು.

ಕ್ಲಬ್ಬಿನ ಪಕ್ಷವನ್ನೂ ಕೇಳದೆ ತೀರ್ಪಿತ್ತರೆ ಏಕಾಂತವಾದೀತು. ಬೆಳೆಯುವ ಹುಡುಗಿಯರಲ್ಲಿ ಮೊಣಕಾಲಿನ ಎಸಿಎಲ್ ಎಂಬ ಕಟ್ಟು ಹರಿಯುವ ಸಂಭವ ಹುಡುಗರಿಗಿಂತ ಹೆಚ್ಚೆಂಬುದು ವೈದ್ಯರು ಬಹುಕಾಲದಿಂದ ಬಲ್ಲ ಸಂಗತಿ. ಒಮ್ಮೆ ಹರಿದರೆ ಆ ಋತು ಮುಗಿದಂತೆಯೇ. ಕೆಲವರು ಶಾಲೆಯ ಇನ್ನೊಂದು ಆಟಕ್ಕೆ ಹೋಗುತ್ತಾರೆ, ಕೆಲವರು ತಂದೆಯ ವರ್ಗಾವಣೆಯಿಂದ ಊರು ಬಿಡುತ್ತಾರೆ. ಹದಿನಾಲ್ಕು ಹೆಸರು ಹಿಡಿದು ಹೊರಟ ತಂಡ ನವೆಂಬರ್ ಹೊತ್ತಿಗೆ ಹತ್ತಕ್ಕೆ ಇಳಿದರೆ ಉಳಿದವರಿಗೂ ಆಟವಿಲ್ಲ. ತರಬೇತುದಾರನಿಗೆ ಸಂಬಳ ಕೊಡಬೇಕು, ಬಯಲಿಗೆ ಬಾಡಿಗೆ ಕಟ್ಟಬೇಕು. ತಲೆಗಳು ಹೆಚ್ಚಿದಷ್ಟೂ ತಲಾ ಭಾರ ಕಡಿಮೆ, ಬಡ ಹುಡುಗಿಯೊಬ್ಬಳ ಶುಲ್ಕ ಮನ್ನಾ ಮಾಡಲೂ ಸಾಧ್ಯ. ಇವೆಲ್ಲ ನಿಜವಾದ ಕಾರಣಗಳು. ಆದರೆ ಇವುಗಳಲ್ಲಿ ಯಾವುದೂ ಸಂಖ್ಯೆಯನ್ನು ಮುಚ್ಚಿಡಲು ಕಾರಣವಲ್ಲ. ಗಾಯಗಳ ಭಯದಿಂದ ಇಪ್ಪತ್ತೆರಡು ಮಂದಿಯನ್ನು ತೆಗೆದುಕೊಳ್ಳುತ್ತೇವೆ, ಕೊನೆಯ ನಾಲ್ವರು ಹೆಚ್ಚಾಗಿ ಅಭ್ಯಾಸಕ್ಕೆ ಮಾತ್ರ, ಅವರ ಶುಲ್ಕ ಇಷ್ಟು ಕಡಿಮೆ ಎಂದು ಮೊದಲೇ ಹೇಳಿದ ಕ್ಲಬ್ಬಿನ ಮೇಲೆ ಯಾರೂ ಬೆರಳು ತೋರಿಸಲಾರರು. ವಿಶ್ವವಿದ್ಯಾಲಯಗಳ ಮಟ್ಟದಲ್ಲಿ 2025ರ ನ್ಯಾಯಾಲಯದ ಒಪ್ಪಂದವನ್ನು ಸ್ವೀಕರಿಸಿದ ಸಂಸ್ಥೆಗಳಿಗೆ ಮಹಿಳಾ ಸಾಕರ್ ಪಟ್ಟಿ 28 ಮೀರಬಾರದೆಂದು ಗೊತ್ತುಪಡಿಸಲಾಗಿದೆ. ಆ ಮಿತಿ ಸರಿಯೋ ತಪ್ಪೋ, ಹತ್ತೊಂಬತ್ತರ ಯುವತಿಗೆ ಅದು ತಿಳಿದಿರುತ್ತದೆ. ಹನ್ನೆರಡರ ಮಗುವಿನ ಮನೆಯವರು ಅದನ್ನು ಊಹಿಸಬೇಕು!

ಎರಡನೆಯ ಅಸಮಾಧಾನ ಇದಕ್ಕಿಂತ ಸೂಕ್ಷ್ಮ. ದೊಡ್ಡ ಕ್ಲಬ್ಬಿನಲ್ಲಿ ಒಂದೇ ವಯಸ್ಸಿನ ಎರಡು ಮೂರು ತಂಡಗಳಿರುತ್ತವೆ. ಒಂದು ತಂಡದ ಹುಡುಗಿ ಇನ್ನೊಂದರಲ್ಲಿ ಆಡುವಂತೆ ಕ್ಲಬ್ ಪಾಸ್ ಎಂಬ ಅನುಮತಿಯನ್ನು ಅನೇಕ ಲೀಗುಗಳು ನೀಡುತ್ತವೆ. ಕೆಳಗಿನ ತಂಡದ ಹುಡುಗಿಗೆ ಮೇಲಿನ ತಂಡದ ರುಚಿ ತೋರಿಸಲು, ಗಾಯಗೊಂಡವಳ ಜಾಗ ತುಂಬಲು ಇದು ಒಳ್ಳೆಯ ಉಪಾಯವೇ. ಆದರೆ ಅಂಕಪಟ್ಟಿಯ ಮೇಲೆ ಕಣ್ಣಿಟ್ಟ ತರಬೇತುದಾರ ಮಹತ್ವದ ಪಂದ್ಯಕ್ಕೆ ಮೇಲಿನ ತಂಡದಿಂದ ಮೂವರನ್ನು ಇಳಿಸಿಕೊಂಡರೆ, ವಾರವೆಲ್ಲ ಮಳೆಯಲ್ಲಿ ಅಭ್ಯಾಸ ಮಾಡಿದ ಮೂವರು ಆ ದಿನ ಬೆಂಚಿಗೆ ಸರಿಯುತ್ತಾರೆ. ಕಾಲೇಜುಗಳ ತರಬೇತುದಾರರು ನೋಡಲು ಬರುವ ಪಂದ್ಯಾವಳಿಯಲ್ಲಿ ಹೀಗಾದರಂತೂ ನೋವು ಇಮ್ಮಡಿ. ಪ್ರೌಢಶಾಲೆಯ ಎರಡನೆಯ ವರ್ಷ ಮುಗಿದ ಮೇಲಿನ ಜೂನ್ 15ರಿಂದ ಕಾಲೇಜಿನವರು ನೇರವಾಗಿ ಮಾತನಾಡಿಸಬಹುದೆಂಬ ನಿಯಮವಿರುವುದರಿಂದ, ಅದರ ಆಸುಪಾಸಿನ ಒಂದೊಂದು ಪಂದ್ಯವನ್ನೂ ಆ ಮನೆಗಳು ಪಂಚಾಂಗ ನೋಡಿದಂತೆ ಎಣಿಸುತ್ತಿರುತ್ತವೆ.

ಹೀಗಿರುವಲ್ಲಿ ತಂದೆತಾಯಿಯರು ಏಕೆ ಮಾತನಾಡುವುದಿಲ್ಲ? ಮಾತನಾಡಿದರೆ ಮಗಳಿಗೆ ಕೆಡುಕಾದೀತೆಂಬ ಅಂಜಿಕೆ ಮೊದಲನೆಯದು. ಪಂದ್ಯ ಮುಗಿದು ಇಪ್ಪತ್ತನಾಲ್ಕು ಗಂಟೆ ಕಳೆಯುವವರೆಗೆ ತರಬೇತುದಾರನನ್ನು ಕಾಣಬಾರದು, ಆಡುವ ಅವಧಿಯ ಬಗ್ಗೆ ಹುಡುಗಿಯೇ ಕೇಳಬೇಕು ಎಂಬ ನಿಯಮಗಳು ಹಲವು ಕ್ಲಬ್ಬುಗಳಲ್ಲಿವೆ. ಸಿಟ್ಟು ಆರಲಿ ಎಂಬ ಉದ್ದೇಶದಿಂದ ಹುಟ್ಟಿದ ಈ ನಿಯಮ ಕೆಟ್ಟದ್ದೇನಲ್ಲ. ಆದರೆ ಹದಿಮೂರರ ಹುಡುಗಿ ತನ್ನ ಆಟದಲ್ಲಿ ಏನು ತಿದ್ದಿಕೊಳ್ಳಬೇಕೆಂದು ಕೇಳಬಲ್ಲಳೇ ಹೊರತು, ತನ್ನ ಮನೆಯ ಹಣಕ್ಕೆ ಏನು ಕೊಡಲಾಯಿತೆಂದು ಕೇಳಲಾರಳು. ಅದು ಹಿರಿಯರ ನಡುವಣ ಲೆಕ್ಕ.

ಮೌನಕ್ಕೆ ಇನ್ನೊಂದು ಕಾರಣವಿದೆ. ಅದನ್ನು ಹೇಳಲು ಯಾರಿಗೂ ಇಷ್ಟವಿಲ್ಲ. ಆಡುತ್ತಿರುವ ಹನ್ನೊಂದು ಹುಡುಗಿಯರ ಮನೆಯವರಿಗೆ ಈ ವ್ಯವಸ್ಥೆ ಹಿತವಾಗಿದೆ. ಹೊರಗೆ ನಿಂತ ನಾಲ್ವರ ಶುಲ್ಕದಿಂದ ಅವರ ಮಕ್ಕಳ ತರಬೇತಿಯ ಖರ್ಚು ಸಾಗುತ್ತದೆ. ಮೇಲಿನ ತಂಡದಿಂದ ಇಳಿದುಬಂದ ಹುಡುಗಿ ಗೋಲು ಹೊಡೆದಾಗ ಅವರೂ ಎದ್ದು ಚಪ್ಪಾಳೆ ತಟ್ಟುತ್ತಾರೆ. ಪಕ್ಕದ ಮಡಿಸುವ ಕುರ್ಚಿಯಲ್ಲಿ ಕುಳಿತ ತಾಯಿಯ ಮುಖ ನೋಡದಿರಲು ಅಭ್ಯಾಸ ಮಾಡಿಕೊಳ್ಳುತ್ತಾರೆ. ಮುಂದಿನ ವರ್ಷ ತಮ್ಮ ಮಗಳು ಇಪ್ಪತ್ತನೆಯವಳಾದಾಗ ಅವರೇ ಅನ್ಯಾಯವೆಂದು ಕೂಗುತ್ತಾರೆ. ಆಗ ಕುರ್ಚಿಗಳು ಅದಲುಬದಲಾಗಿರುತ್ತವೆ, ಅಷ್ಟೆ. ಕೃತ, ಕಾರಿತ, ಅನುಮೋದನ ಎಂಬ ಮೂರನ್ನೂ ಒಂದೇ ಸಾಲಿನಲ್ಲಿ ಕೂರಿಸಿದ ಹಿರಿಯರು ಈ ಕುರ್ಚಿಗಳ ಸಾಲನ್ನು ಕಂಡವರಲ್ಲ. ಕಂಡಿದ್ದರೆ ಮೂರನೆಯದಕ್ಕೆ ಬೇರೆ ಉದಾಹರಣೆಯನ್ನು ಹುಡುಕುತ್ತಿರಲಿಲ್ಲ. ಮಾತು ತಪ್ಪುವುದು ಕ್ಲಬ್ಬಿನವರಷ್ಟೇ ಎಂದೂ ಹೇಳಲಾಗದು. ಒಂದು ಕಡೆ ಒಪ್ಪಿಗೆ ಕೊಟ್ಟು ಇನ್ನೊಂದು ಕಡೆಯ ಪರೀಕ್ಷೆಗೆ ಮಗಳನ್ನು ಕಳುಹಿಸುವ, ಹೆಚ್ಚು ಹೆಸರಾದ ಲೀಗಿನ ಕರೆ ಬಂದೊಡನೆ ಹಳೆಯ ತಂಡವನ್ನು ನಡುನೀರಿನಲ್ಲಿ ಬಿಡುವ ಕುಟುಂಬಗಳೂ ಇವೆ. 2009ರಲ್ಲಿ ಆರಂಭವಾದ ಇಸಿಎನ್‌ಎಲ್, 2017ರಲ್ಲಿ ರಾಷ್ಟ್ರೀಯ ಫೆಡರೇಷನ್ ತೆರೆದು 2020ರಲ್ಲಿ ಮುಚ್ಚಿದ ಬಾಲಿಕೆಯರ ಅಕಾಡೆಮಿ, ಅದೇ ವರ್ಷ ಅದರ ಜಾಗದಲ್ಲಿ ಹುಟ್ಟಿದ ಗರ್ಲ್ಸ್ ಅಕಾಡೆಮಿ, ಹೀಗೆ ಮೇಲಿನ ಹೆಸರುಗಳು ಬದಲಾದಾಗಲೆಲ್ಲ ಇಂಥ ವಲಸೆ ನಡೆದಿದೆ. ಕ್ಲಬ್ಬುಗಳು ಪಟ್ಟಿಯನ್ನು ಉಬ್ಬಿಸಿಟ್ಟುಕೊಳ್ಳುವುದಕ್ಕೆ ಈ ಭಯವೂ ಒಂದು ಕಾರಣ. ಎರಡು ಅವಿಶ್ವಾಸಗಳು ಒಂದನ್ನೊಂದು ಸಾಕುತ್ತಿವೆ.

ನಡುವೆ ಇರುವ ಹುಡುಗಿ ಏನು ಕಲಿಯುತ್ತಾಳೆ? ಬೆಂಚಿನಲ್ಲಿ ಕೂರುವುದರಿಂದ ಸಹನೆ ಬರುತ್ತದೆಂದು ತರಬೇತುದಾರರು ಹೇಳುವುದುಂಟು. ಕೂರಿಸಿದ ಕಾರಣವನ್ನು ಅವಳಿಗೆ ತಿಳಿಸಿದ್ದರೆ ಅದು ನಿಜವೂ ಹೌದು. ಕಾರಣ ತಿಳಿಯದವಳು ಕಲಿಯುವುದು ಬೇರೆ ಪಾಠ. ತನ್ನ ಮನೆಯವರು ಹಣ ತೆತ್ತು ಸುಮ್ಮನಿದ್ದಾರೆ, ತಾನೂ ನಗುಮುಖದಿಂದ ನೀರಿನ ಬಾಟಲಿಗಳನ್ನು ಎತ್ತಿಕೊಡಬೇಕು, ಕೇಳಿದವಳು ಕೆಟ್ಟವಳಾಗುತ್ತಾಳೆ. ಕಾನೂನು ತಂದು ಬಯಲಿನ ಬಾಗಿಲು ತೆರೆದದ್ದು ಹೆಣ್ಣುಮಕ್ಕಳು ಇದನ್ನು ಕಲಿಯಲೆಂದಲ್ಲ. ಕಾರಿನಲ್ಲಿ ಮನೆಗೆ ಮರಳುವಾಗ ಆಕೆ ಕಿಟಕಿಯತ್ತ ಮುಖ ತಿರುಗಿಸಿ, ತನಗೆ ಈ ಆಟ ಅಷ್ಟೇನೂ ಇಷ್ಟವಿಲ್ಲವೆಂದು ಹೇಳುತ್ತಾಳೆ. ಆ ಮಾತು ನಿಜವಲ್ಲವೆಂದು ಗೊತ್ತಿದ್ದರೂ ತಂದೆ ಅದನ್ನು ಒಪ್ಪಿಕೊಳ್ಳುತ್ತಾನೆ, ಏಕೆಂದರೆ ಅವನಿಗೂ ಅದು ಅನುಕೂಲ.

ವಯೋವರ್ಗವನ್ನು ಎಣಿಸುವ ಕ್ರಮ ಈಗ ಮತ್ತೆ ಬದಲಾಗುತ್ತಿದೆ. 2016-17ರ ಸುಮಾರಿಗೆ ಜನವರಿಯಿಂದ ಡಿಸೆಂಬರ್‌ವರೆಗಿನ ಜನ್ಮವರ್ಷದಂತೆ ತಂಡ ಕಟ್ಟುವ ಪದ್ಧತಿ ಬಂದಿತ್ತು. 2026-27ರ ಋತುವಿನಿಂದ ಆಗಸ್ಟ್ 1ರಿಂದ ಜುಲೈ 31ರವರೆಗಿನ ಎಣಿಕೆಗೆ ಮರಳಲು ಪ್ರಮುಖ ಸಂಸ್ಥೆಗಳು ನಿರ್ಧರಿಸಿವೆ. ಅಂದರೆ ಒಡೆಯದೆ ಉಳಿಯುವ ತಂಡಗಳು ವಿರಳ. ಪಟ್ಟಿಗಳನ್ನೆಲ್ಲ ಹೊಸದಾಗಿ ಬರೆಯಬೇಕಾಗುತ್ತದೆ. ಪಟ್ಟಿಯಲ್ಲಿ ಎಷ್ಟು ಹೆಸರು, ಪಂದ್ಯಕ್ಕೆ ಎಷ್ಟು ಮಂದಿ, ಮೇಲಿನ ತಂಡದಿಂದ ಎಷ್ಟು ಸಲ ಇಳಿಸಿಕೊಳ್ಳಲಾಗುತ್ತದೆ, ಹೊರಗುಳಿದವಳ ಹಣದ ಗತಿ ಏನು ಎಂಬ ನಾಲ್ಕು ಪ್ರಶ್ನೆಗಳಿಗೆ ಸಹಿಗೆ ಮೊದಲೇ ಬರಹದಲ್ಲಿ ಉತ್ತರ ಕೇಳಲು ಇದಕ್ಕಿಂತ ಒಳ್ಳೆಯ ಸಮಯ ಸಿಗದು. ಇಪ್ಪತ್ತೆರಡನೆಯ ಹುಡುಗಿಯ ತಾಯಿ ಕೇಳಿದರೆ ಅದು ಅಸೂಯೆಯಂತೆ ಕೇಳಿಸುತ್ತದೆ, ಬಾಗಿಲು ಬೇಗ ಮುಚ್ಚುತ್ತದೆ. ಕ್ಲಬ್ಬು ಕಳೆದುಕೊಳ್ಳಲು ಇಚ್ಛಿಸದ ಹುಡುಗಿಯ, ಪ್ರತಿ ಪಂದ್ಯದ ಎಂಬತ್ತು ನಿಮಿಷವೂ ಆಡುವ ಹುಡುಗಿಯ ತಂದೆಯೇ ಎದ್ದು ಕೇಳಿದರೆ ಉತ್ತರ ಕೊಡದೆ ವಿಧಿಯಿಲ್ಲ.