ಕಾಣದವರ ಮುಂದೆ

ಮುಖ ಕಾಣದವರ ಮುಂದೆ ಮನಸ್ಸು ಬಿಚ್ಚಿಡಬಹುದೇ? ಮದಲೂರಿನ ನಮ್ಮ ಮನೆಯಲ್ಲಿ ಈ ಪ್ರಶ್ನೆ ಎತ್ತಿದ್ದು ನನ್ನ ಅತ್ತೆ. ಮಾವ ಹೋದ ಮೇಲೆ ಅವರಿಗೆ ನಿದ್ದೆ ಇಲ್ಲ. ಮುದ್ದೆ ಮುರಿದು ಸಾರಿಗೆ ಅದ್ದಿ, ಹಾಗೇ ತಟ್ಟೆಯಲ್ಲಿ ಬಿಡುತ್ತಿದ್ದರು. ನಾನು 14416ಕ್ಕೆ ಫೋನ್ ಮಾಡಿದೆ. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಶುರುಮಾಡಿದ ಮನಸ್ಸಿನ ಆರೋಗ್ಯದ ಸಹಾಯವಾಣಿ ಟೆಲಿ ಮನಸ್ ಅದು. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಹಗಲೂ ರಾತ್ರಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

"ಯಾರೋ ಏನೋ, ಅವರ ಹತ್ರ ಏನ್ ಹೇಳ್ಲಿ ತಾಯಿ?" ಎಂದರು ಅತ್ತೆ.

"ದೇವ್ರ ಮುಂದೆ ಹೇಳ್ಕೊಂಡು ಅಳ್ತೀರಲ್ಲ, ಅವನನ್ನ ಕಂಡಿದ್ದೀರಾ?"

"ಅವನಿಗೆ ನಾನು ಗೊತ್ತಲ್ಲ!"

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ತನ್ನನ್ನು ಬಲ್ಲವನು ಒಬ್ಬನಿದ್ದಾನೆ ಎಂಬ ನಂಬಿಕೆಯ ಮೇಲೆ ಅವರ ಭಕ್ತಿ ನಿಂತಿದೆ. ಫೋನಿನ ದನಿಗೆ ಅಂಥ ನಂಬಿಕೆ ಸುಲಭಕ್ಕೆ ದಕ್ಕೀತೇ? ಆ ಕಡೆಯ ಹೆಣ್ಣುಮಗಳು ಮೊದಲು ಮಾವನ ಹೆಸರು ಕೇಳಿದಳು. ಗಂಡನ ಹೆಸರು ಎಂದೂ ಎತ್ತದ ಅತ್ತೆ ನನ್ನ ಮುಖ ನೋಡಿದರು. ನಾನೇ ಹೇಳಿದೆ. ಆಮೇಲೆ ಅವರಿಗೆ ಮಾತು ಬಂತು, ಅಳುವೂ ಬಂತು.

ಬಸ್ಸು ಹತ್ತಲಾಗದ ಮುದುಕರ ಬಾಗಿಲಿಗೆ ಬರುವ ದನಿ ಜಂಗಮದ ಕೆಲಸವನ್ನೇ ಮಾಡುತ್ತದೆಂದು ನನ್ನ ಎಣಿಕೆ. ಕಣ್ಣೊರೆಸಲು ಮಾತ್ರ ಮನೆಯವರ ಕೈಯೇ ಬೇಕು. ಅತ್ತೆಯನ್ನು ಶಿರಾದಲ್ಲಿ ವೈದ್ಯರಿಗೆ ತೋರಿಸಲು ಮುಂದಿನ ವಾರ ನಾವಿಬ್ಬರೂ ಹೊರಟಿದ್ದೇವೆ.