ಹೊರೆಯೂ ಬಲವೂ

ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ವಲಯದಲ್ಲಿ ಕಾರ್ಖಾನೆ ನಡೆಸುವವನು ಯಾವನೇ ಆಗಲಿ, ಡೀಸೆಲ್ ಜನರೇಟರನ್ನು ಕೊಳ್ಳುವುದಕ್ಕೆ ಮುನ್ನ ತನ್ನ ಹೊರೆಯನ್ನು ಎಣಿಸುತ್ತಾನೆ. ರಿಯಾಕ್ಟರಿನ ಅಜಿಟೇಟರಿಗೆ ಇಷ್ಟು, ಕೂಲಿಂಗ್ ಟವರಿನ ಪಂಪಿಗೆ ಇಷ್ಟು, ಕಂಪ್ರೆಸರಿಗೆ ಇಷ್ಟು, ದೀಪ ಫ್ಯಾನುಗಳಿಗೆ ಇಷ್ಟು ಎಂದು ಕಾಗದದ ಮೇಲೆ ಬರೆದು, ಮೋಟಾರು ಹೊರಡುವ ಕ್ಷಣದಲ್ಲಿ ಎಳೆಯುವ ಹೆಚ್ಚಿನ ಕರೆಂಟಿಗೆ ಅವಕಾಶವನ್ನೂ ಕಲ್ಪಿಸಿ, ಆ ಮೊತ್ತಕ್ಕೆ ಹೊಂದುವಷ್ಟು ಕೆವಿಎಯ ಯಂತ್ರವನ್ನು ಗೊತ್ತುಮಾಡುತ್ತಾನೆ. ನೂರರ ಹೊರೆಗೆ ಐನೂರರ ಯಂತ್ರವನ್ನು ತಂದು ನಿಲ್ಲಿಸಿದವನನ್ನು ಅಲ್ಲಿ ಯಾರೂ ಶ್ರೀಮಂತನೆಂದು ಹೊಗಳರು. ಲೆಕ್ಕ ಬಾರದವನೆಂದು ಮರುಗುವರು. ಏಕೆಂದರೆ ತನ್ನ ಸಾಮರ್ಥ್ಯದ ಮೂರನೆಯ ಒಂದು ಪಾಲಿಗಿಂತಲೂ ಕಡಿಮೆ ಹೊರೆಯಲ್ಲಿ ಗಂಟೆಗಟ್ಟಲೆ ಓಡುವ ಡೀಸೆಲ್ ಎಂಜಿನ್ನು ಒಳಗೆ ಸಾಕಷ್ಟು ಕಾಯುವುದಿಲ್ಲ. ಕಾಯದಿದ್ದರೆ ಎಣ್ಣೆ ಪೂರ್ಣವಾಗಿ ಉರಿಯುವುದಿಲ್ಲ. ಉರಿಯದೆ ಉಳಿದುದು ಮಸಿಯಾಗಿ ಸಿಲಿಂಡರಿನ ಗೋಡೆಗೂ ಹೊಗೆಕೊಳವೆಗೂ ಮೆತ್ತಿಕೊಂಡು, ಕಡೆಗೆ ಸೈಲೆನ್ಸರಿನ ಸಂದುಗಳಿಂದ ಕಪ್ಪು ಜಿಡ್ಡಾಗಿ ಒಸರತೊಡಗುತ್ತದೆ. ಲೋಡ್‌ಶೆಡ್ಡಿಂಗಿನ ವರ್ಷಗಳನ್ನು ಕಂಡ ಇಲ್ಲಿಯ ಫಿಟ್ಟರುಗಳಿಗೆ ಆ ಜಿಡ್ಡಿನ ಪರಿಚಯ ಚೆನ್ನಾಗಿ ಇದೆ. ಅತಿಭಾರವು ಯಂತ್ರಕ್ಕೆ ಹೇಗೆ ವ್ಯಾಧಿಯೋ ಅತಿಲಾಘವವೂ ಹಾಗೆಯೇ ವ್ಯಾಧಿ.

ಇಷ್ಟನ್ನು ಚೆನ್ನಾಗಿ ಬಲ್ಲ ಮನುಷ್ಯನೇ ತನಗಾಗಿ ಒಂದು ವಾಹನವನ್ನು ಆರಿಸಲು ಹೊರಟಾಗ ಈ ವಿದ್ಯೆಯನ್ನು ಕಾರ್ಖಾನೆಯ ಗೇಟಿನಲ್ಲಿಯೇ ಬಿಟ್ಟು ಹೋಗುವುದೇತಕ್ಕೆ? ಕುಂದಾಪುರದ ಕಡೆಯಿಂದ ಬಂದು ಇಲ್ಲಿಯ ಫೇಸ್ ಎರಡರಲ್ಲಿ ಬಣ್ಣದ ರಾಸಾಯನಿಕಗಳನ್ನು ತಯಾರಿಸುತ್ತಿರುವ ಮಿತ್ರರೊಬ್ಬರು, ಮರ್ಸಿಡಿಸ್ ಸಂಸ್ಥೆಯ ಜಿಎಲ್ಇ ವಾಹನವು ಹೊಸ ರೂಪದಲ್ಲಿ ನಮ್ಮ ದೇಶಕ್ಕೆ ಬಂದ 2020ರಲ್ಲಿ, ಅದರ ಎರಡು ಡೀಸೆಲ್ ಎಂಜಿನ್ನುಗಳಲ್ಲಿ ಯಾವುದು ತಕ್ಕುದೆಂದು ನನ್ನೊಡನೆ ವಿಚಾರಮಾಡಿದರು. "ಮಾರಾಯ್ರೆ, ಇಷ್ಟು ದುಡ್ಡು ಕೊಟ್ಟ ಮೇಲೆ ಸಣ್ಣದು ಯಾಕೆ?" ಎಂಬುದು ಅವರ ಮಾತು. ಆ ಮಾತನ್ನು ನಾನು ಅಲ್ಪವೆಂದು ತಳ್ಳಿಹಾಕಲಾರೆ. ಜೀವನದ ಬಹುಭಾಗವನ್ನು ಮಿತವ್ಯಯದಲ್ಲಿ ಕಳೆದವನು ಒಮ್ಮೆ ಕೈಬಿಚ್ಚಿ ಕೊಡಲು ನಿಶ್ಚಯಿಸಿದಾಗ, ಆ ಕೊಡುವಿಕೆಯು ಅರ್ಧದಲ್ಲಿ ನಿಲ್ಲಬಾರದೆಂದು ಮನಸ್ಸು ಬಯಸುವುದು ಸಹಜವೇ.

ಆ ಎರಡು ಎಂಜಿನ್ನುಗಳ ರಚನೆಯಲ್ಲಿ ವಿಚಾರಕ್ಕೆ ಬಹಳ ಅನುಕೂಲವಾದ ಒಂದು ಸಂಗತಿ ಇದೆ. 300ಡಿ ಎಂಬುದರದು ನಾಲ್ಕು ಸಿಲಿಂಡರ್, 1950 ಸಿಸಿ, 245 ಅಶ್ವಶಕ್ತಿ, 500 ನ್ಯೂಟನ್ ಮೀಟರ್ ಟಾರ್ಕ್. 400ಡಿ ಎಂಬುದರದು ಆರು ಸಿಲಿಂಡರ್, 2925 ಸಿಸಿ, 330 ಅಶ್ವಶಕ್ತಿ, 700 ನ್ಯೂಟನ್ ಮೀಟರ್. ಒಂದನ್ನು ನಾಲ್ಕರಿಂದಲೂ ಇನ್ನೊಂದನ್ನು ಆರರಿಂದಲೂ ಭಾಗಿಸಿ ನೋಡಿದರೆ ಎರಡು ಕಡೆಯೂ ಬರುವುದು ಒಂದೇ ಅಂಕಿ: 487.5. ಎರಡರಲ್ಲಿಯೂ ಸಿಲಿಂಡರಿನ ವ್ಯಾಸ 82 ಮಿಲಿಮೀಟರ್, ಪಿಸ್ಟನ್ನಿನ ಓಟ 92.3 ಮಿಲಿಮೀಟರ್. ಎಂದರೆ ದೊಡ್ಡದು ಬೇರೊಂದು ಜಾತಿಯ ಯಂತ್ರವಾಗಿರದೆ ಚಿಕ್ಕದಕ್ಕೆ ಅಂಥವೇ ಎರಡು ಸಿಲಿಂಡರುಗಳನ್ನು ಕೂಡಿಸಿದುದು. 2023ರ ಪರಿಷ್ಕರಣದಲ್ಲಿ ಶಕ್ತಿಯ ಅಂಕಿಗಳು ಎರಡು ಕಡೆಯೂ ಮೇಲೇರಿದುವು. ಪ್ರಶ್ನೆ ಮಾತ್ರ ಇದ್ದಲ್ಲಿಯೇ ಇದೆ: ಆ ಇನ್ನೆರಡು ಸಿಲಿಂಡರುಗಳಿಗೆ ಇಲ್ಲಿ ಕೆಲಸವೇನು?

ಶಕ್ತಿಯ ಮೀಸಲು ಎಂಬುದು ಸಾಮಾನ್ಯವಾಗಿ ಕೇಳಿಬರುವ ಉತ್ತರ. ಘಾಟಿ ಏರಬೇಕು, ಲಾರಿಯನ್ನು ದಾಟಬೇಕು, ಅಂತಹ ವೇಳೆಯಲ್ಲಿ ಬಲ ಸಾಲದೆ ಹೋದರೆ ಪ್ರಾಣಕ್ಕೇ ಅಪಾಯ ಎನ್ನುವರು. ಎಣಿಸಿಯೇ ನೋಡೋಣ. ಜನರನ್ನೂ ಸಾಮಾನನ್ನೂ ಹೊತ್ತು ಎರಡೂವರೆ ಟನ್ನು ತೂಗುವ ವಾಹನವು ಇಪ್ಪತ್ತು ಅಡಿಗೆ ಒಂದು ಅಡಿಯಂತೆ ಏರುವ ದಾರಿಯನ್ನು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹತ್ತಬೇಕಾದರೆ, ಭಾರವನ್ನು ಮೇಲೆತ್ತಲು ಬೇಕಾಗುವುದು ಸುಮಾರು 28 ಅಶ್ವಶಕ್ತಿ. ಟಯರುಗಳ ಉರುಳಿಕೆಗೂ ಗಾಳಿಯ ತಡೆಗೂ ಗೇರುಗಳ ಘರ್ಷಣೆಗೂ ಸೇರಿಸಿದರೂ ಮೊತ್ತವು 50ನ್ನು ಮುಟ್ಟದು. ಖಂಡಾಳದ ಘಾಟಿಯನ್ನಾಗಲಿ, ಊರಿಗೆ ಹೋಗುವವರು ಹಾಯುವ ಖಂಬಾಟಕಿಯನ್ನಾಗಲಿ ಏರುವಾಗ, ಚಿಕ್ಕ ಎಂಜಿನ್ನಿನಲ್ಲಿಯೂ ಇನ್ನೂರರಷ್ಟು ಅಶ್ವಶಕ್ತಿಯು ಕೆಲಸವಿಲ್ಲದೆ ಉಳಿದಿರುತ್ತದೆ. ದಾಟುವ ಕ್ಷಣದ ಅವಸರಕ್ಕೆ ಅದು ಧಾರಾಳವಾಗಿ ಸಾಕು. ಹೀಗಿರುವಲ್ಲಿ ಮೀಸಲಿನ ವಾದವು ಚಿಕ್ಕ ಎಂಜಿನ್ನಿನಲ್ಲಿಯೇ ತೃಪ್ತವಾಗಿಹೋಯಿತು. ದೊಡ್ಡದರ ಪಕ್ಷದಲ್ಲಿ ಅದು ಸಾಕ್ಷಿ ಹೇಳಲಾರದು.

ದೊಡ್ಡದರ ಪಕ್ಷದಲ್ಲಿ ನಿಜವಾಗಿ ಹೇಳಬಹುದಾದುದು ಬೇರೆಯೇ ಒಂದುಂಟು, ಮತ್ತು ಅದು ಗೌರವಾರ್ಹವಾದುದು. ಸಾಲಾಗಿ ನಿಂತ ನಾಲ್ಕು ಪಿಸ್ಟನ್ನುಗಳು ಮೇಲೆ ಕೆಳಗೆ ಓಡುವಾಗ ಅವುಗಳ ಬಲಗಳು ಒಂದನ್ನೊಂದು ಪೂರ್ತಿಯಾಗಿ ಅಳಿಸಲಾರವು. ಕ್ರ್ಯಾಂಕು ಒಂದು ಸುತ್ತು ಬರುವಷ್ಟರಲ್ಲಿ ಎರಡು ಬಾರಿ ಮಿಡಿಯುವ ಸಣ್ಣದೊಂದು ನಡುಕ ಉಳಿದೇ ಉಳಿಯುತ್ತದೆ, ಅದನ್ನು ಅಡಗಿಸಲು ಪ್ರತಿತೂಕದ ದಂಡಗಳನ್ನು ಬೇರೆಯಾಗಿ ತಿರುಗಿಸಬೇಕಾಗುತ್ತದೆ. ಸಾಲಿನ ಆರು ಪಿಸ್ಟನ್ನುಗಳಲ್ಲಿಯಾದರೋ ಆ ಬಲಗಳು ತಾವಾಗಿಯೇ ಪರಸ್ಪರ ಶಮನಗೊಂಡುಬಿಡುತ್ತವೆ. ಸ್ಟೀರಿಂಗಿನ ಮೇಲೆ ಇಟ್ಟ ಅಂಗೈಗೆ ಅದು ತಿಳಿಯುತ್ತದೆ. ಗಣಿತವು ಇಂದ್ರಿಯಕ್ಕೆ ಗೋಚರವಾಗುವ ಇಂಥ ಸ್ಥಾನಗಳು ಲೋಕದಲ್ಲಿ ಹೆಚ್ಚಿಲ್ಲ. ಅದರಲ್ಲಿ ಸಂತೋಷಪಡುವವನನ್ನು ಡಂಭಾಚಾರಿಯೆಂದು ಕರೆಯುವುದು ಅನ್ಯಾಯವಾದೀತು. ಆದ್ದರಿಂದ ದೊಡ್ಡ ಎಂಜಿನ್ನನ್ನು ಕೊಳ್ಳುವವನು ವಾಸ್ತವವಾಗಿ ಕೊಳ್ಳುವುದು ಸೌಮ್ಯತೆಯನ್ನು. ಬಲದ ಹೆಸರಿನಲ್ಲಿ ಬೆಲೆ ಕಟ್ಟುವುದರಿಂದ ಅವನೂ ಅದನ್ನು ಅರಿಯದೆ ಹೋಗುತ್ತಾನೆ.

ಆ ಸೌಮ್ಯತೆಗೆ ನಮ್ಮ ಊರಿನಲ್ಲಿ ದೊರೆಯುವ ಅವಕಾಶವೆಷ್ಟು ಎಂಬುದು ಮುಂದಿನ ವಿಚಾರ. ಮಿಲಾಪ್ ನಗರದ ಮನೆಯಿಂದ ಫೇಸ್ ಎರಡರ ಕಾರ್ಖಾನೆಗೆ, ಅಲ್ಲಿಂದ ಘರ್ಡಾ ಸರ್ಕಲ್ಲಿಗೆ, ಸಂಜೆ ಮಂಜುನಾಥ ವಿದ್ಯಾಲಯದ ಕಡೆಗೆ, ವಾರಕ್ಕೊಮ್ಮೆ ಕಲ್ಯಾಣ–ಶಿಳ್ ರಸ್ತೆಯಲ್ಲಿ ಮೆಟ್ರೊ ಕಾಮಗಾರಿಯ ತಗಡುಗಳ ನಡುವೆ ಟ್ಯಾಂಕರುಗಳ ಹಿಂದೆ ತೆವಳುತ್ತ ಶಿಳ್‌ಫಾಟಾಕ್ಕೆ: ಮಿತ್ರರ ವಾಹನದ ನಿತ್ಯಜೀವನ ಇಷ್ಟೇ. 2020ರ ಏಪ್ರಿಲ್ 1ರಿಂದ ಜಾರಿಯಾದ ಬಿಎಸ್ 6 ನಿಯಮದ ಡೀಸೆಲ್ ಕಾರುಗಳಲ್ಲಿ ಮಸಿಯನ್ನು ಹಿಡಿದಿಡುವ ಫಿಲ್ಟರೊಂದು ಹೊಗೆಕೊಳವೆಯಲ್ಲಿ ಇರುತ್ತದೆ. ಕೂಡಿದ ಮಸಿಯು ಸುಟ್ಟುಹೋಗಬೇಕಾದರೆ ಆ ಫಿಲ್ಟರು ಆರುನೂರು ಡಿಗ್ರಿ ಸೆಲ್ಸಿಯಸ್ಸಿನಷ್ಟು ಕಾಯಬೇಕು. ತೆವಳುವ ವಾಹನದಲ್ಲಿ ಅದು ಕಾಯುವುದು ಕಷ್ಟ. ಹೊರೆಗಿಂತ ಎಂಜಿನ್ನು ದೊಡ್ಡದಾದಷ್ಟೂ ಇನ್ನೂ ಕಷ್ಟ. ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತುತ್ತದೆ. ಮೆಕ್ಯಾನಿಕ್ಕು "ಹೈವೇಗೆ ಕೊಂಡೊಯ್ದು ಅರ್ಧ ಗಂಟೆ ಓಡಿಸಿಕೊಂಡು ಬನ್ನಿ" ಎನ್ನುತ್ತಾನೆ. ಯಂತ್ರವು ಮನುಷ್ಯನ ಕೆಲಸಕ್ಕಾಗಿ ಓಡುವುದು ನಿಂತು, ಯಂತ್ರದ ಆರೋಗ್ಯಕ್ಕಾಗಿ ಮನುಷ್ಯನು ಓಡಾಡುವ ದಿನ ಅಲ್ಲಿಗೆ ಬಂದಂತಾಯಿತು. ಜನರೇಟರಿನ ಸೈಲೆನ್ಸರಿನಲ್ಲಿ ಒಸರಿದ ಜಿಡ್ಡು ಹೇಳಿದ ಮಾತನ್ನೇ ಈ ಹಳದಿ ದೀಪವೂ ಹೇಳುತ್ತಿದೆ.

ಇನ್ನು, ಈ ಮಸಿ ಒಬ್ಬನ ಸ್ವಂತದ್ದಾಗಿ ಉಳಿಯುವುದಿಲ್ಲ. 2014ರಲ್ಲಿ ಹಸಿರು ಮಳೆ ಬಿದ್ದುದನ್ನೂ 2020ರಲ್ಲಿ ರಸ್ತೆಯೇ ಗುಲಾಬಿ ಬಣ್ಣಕ್ಕೆ ತಿರುಗಿದುದನ್ನೂ ಕಂಡ ಊರು ಇದು. ಒಬ್ಬರ ಉದ್ಯಮದಲ್ಲಿ ಮಿಕ್ಕುದು ಇನ್ನೊಬ್ಬರ ಉಸಿರಿಗೆ ಹೇಗೆ ಇಳಿಯುವುದೆಂಬುದನ್ನು ನಮಗೆ ಯಾರೂ ಬಂದು ಬೋಧಿಸಬೇಕಾಗಿಲ್ಲ.

ಎಂಜಿನ್ನಿನ ಗಾತ್ರಕ್ಕೆ ಕಾನೂನಿನಿಂದ ಗೆರೆ ಎಳೆಯಬಾರದೆ ಎಂದರೆ, ಎಳೆದು ನೋಡಿದುದೂ ಆಗಿದೆ. 2015ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ದೆಹಲಿ ರಾಜಧಾನಿ ಪ್ರದೇಶದಲ್ಲಿ 2000 ಸಿಸಿ ಮತ್ತು ಅದಕ್ಕೆ ಮೇಲ್ಪಟ್ಟ ಡೀಸೆಲ್ ಕಾರುಗಳ ನೋಂದಣಿಯನ್ನು ತಡೆಯಿತು. ಮರುತಿಂಗಳೇ ಮಹೀಂದ್ರಾ ಸಂಸ್ಥೆಯು ತನ್ನ ಸ್ಕಾರ್ಪಿಯೋ ಮತ್ತು ಎಕ್ಸ್‌ಯುವಿ 500 ವಾಹನಗಳಿಗೆ 1.99 ಲೀಟರಿನ ಎಂಜಿನ್ನನ್ನು ಅಳವಡಿಸಿತು. 2016ರ ಆಗಸ್ಟಿನಲ್ಲಿ ನ್ಯಾಯಾಲಯವು ಬೆಲೆಯ ಶೇಕಡಾ ಒಂದರಷ್ಟು ಪರಿಸರ ಶುಲ್ಕವನ್ನು ವಿಧಿಸಿ ತಡೆಯನ್ನು ತೆರವುಗೊಳಿಸಿತು. ಟರ್ಬೊ ಬಂದ ಮೇಲೆ 1950 ಸಿಸಿಯಲ್ಲಿಯೇ 245 ಅಶ್ವಶಕ್ತಿ ಹುಟ್ಟುತ್ತಿರುವಾಗ, ಗಾತ್ರದ ಮೇಲೆ ಎಳೆದ ಗೆರೆಯು ಬಲವನ್ನೂ ಹಿಡಿಯದು, ಹೊಗೆಯನ್ನೂ ಹಿಡಿಯದು. ಕಾನೂನು ಎಲ್ಲರಿಗೂ ಒಂದೇ ಅಂಕಿಯನ್ನು ಹೇಳಬೇಕಾಗಿದೆ. ಹೊರೆಯಾದರೋ ಒಬ್ಬೊಬ್ಬನದು ಒಂದೊಂದು ಬಗೆ. ಆ ಲೆಕ್ಕವನ್ನು ಕೊಳ್ಳುವವನೇ ಮಾಡಬೇಕು.

ನಮ್ಮ ಕಾವ್ಯಮೀಮಾಂಸಕರಲ್ಲಿ ಕ್ಷೇಮೇಂದ್ರನು ಔಚಿತ್ಯವನ್ನು ಕಾವ್ಯದ ಜೀವಿತವೆಂದನು. ಗುಣವೂ ಅಲಂಕಾರವೂ ತಮ್ಮ ಸ್ಥಾನದಲ್ಲಿ ಇದ್ದಾಗಲೇ ಶೋಭಿಸುವುವೆಂಬುದು ಅವನ ಮತ. ಗ್ರೀಕರ ಅರಿಸ್ಟಾಟಲನೂ ಭಾರಿ ವೆಚ್ಚವನ್ನು ದೋಷವೆನ್ನಲಿಲ್ಲ. ಸಂದರ್ಭಕ್ಕೂ ಕಾರ್ಯಕ್ಕೂ ತಕ್ಕಂತೆ ದೊಡ್ಡದಾಗಿ ವೆಚ್ಚ ಮಾಡುವುದನ್ನು ಅವನು ಒಂದು ಸದ್ಗುಣವೆಂದೇ ಎಣಿಸಿದನು. ಇವರಿಬ್ಬರ ಮಾತಿನ ಬೆಳಕಿನಲ್ಲಿ ನೋಡಿದಾಗ ಐಷಾರಾಮವನ್ನು ನಿಂದಿಸುವ ಕಾರಣ ನನಗೆ ಕಾಣುವುದಿಲ್ಲ. ಸ್ಥಾನ ತಪ್ಪಿದ ಐಷಾರಾಮವು ಮಾತ್ರ, ಬೆಲೆ ಎಷ್ಟೇ ಇರಲಿ, ತನ್ನ ಒಡೆಯನಿಗೂ ಸುಖ ಕೊಡದು.

ಮಿತ್ರರಿಗೆ ನಾನು ಚಿಕ್ಕದನ್ನೇ ಹೇಳಿದೆನು. ಅವರ ಹೊರೆ ಅಷ್ಟು. ಆದರೆ ಅದೇ ಎಂಐಡಿಸಿಯಲ್ಲಿ, ತಿಂಗಳಿಗೆ ಎರಡು ಮೂರು ಬಾರಿ ವೃದ್ಧ ತಾಯಿತಂದೆಗಳನ್ನು ಕೂರಿಸಿಕೊಂಡು ಸಾತಾರಾ, ಕೊಲ್ಹಾಪುರ, ಬೆಳಗಾವಿಗಳನ್ನು ಹಾಯ್ದು ಹುಬ್ಬಳ್ಳಿಯವರೆಗೂ ಹಗಲಿಡೀ ಓಡಿಸುವವನೊಬ್ಬನು ಬಂದು ಕೇಳಿದರೆ, ಸಂಕೋಚವಿಲ್ಲದೆ ಆರು ಸಿಲಿಂಡರಿನದನ್ನೇ ಕೊಳ್ಳೆಂದು ಹೇಳುವೆನು. ಆ ದಾರಿಯಲ್ಲಿ ಎಂಜಿನ್ನು ತಕ್ಕಷ್ಟು ಕಾಯುತ್ತದೆ, ಫಿಲ್ಟರು ತಾನಾಗಿಯೇ ಶುದ್ಧವಾಗುತ್ತದೆ, ಹಿಂದಿನ ಸೀಟಿನಲ್ಲಿ ಮಲಗಿದ ಮುದುಕರಿಗೆ ಎಂಜಿನ್ನಿನ ನಡುಕ ಅಷ್ಟಾಗಿ ತಟ್ಟುವುದಿಲ್ಲ.